ಇಸ್ಸಾತ್ ಭಾವನ ಕನ್ನಡಕಕ್ಕೊಂದು ಹೆಲ್ಮೆಟ್

ಕನ್ನಡಕ ಹಾಕಿಕೊಂಡು ಮೋಟಾರಿನ ಹಿಮಬಂಡಿ ಓಡಿಸುವವರ ಪಾಡು, ಉತ್ತರದ ಹಿಮನಾಡಿನಲ್ಲಿ ಸಾರಂಗ ಸಾಕುವ ನಮ್ಮ ಸಾಮಿ ಜನರ ಊರುಗಳಲ್ಲಿ ಯಾರಿಗೆ ಗೊತ್ತಿಲ್ಲ? ಹೆಲ್ಮೆಟ್ ಇಳಿದರೆ ಕನ್ನಡಕ ಕೂರುವುದಿಲ್ಲ. ಕನ್ನಡಕ ಕೂತರೆ ಹೆಲ್ಮೆಟ್ ಇಳಿಯುವುದಿಲ್ಲ. ಎರಡನ್ನೂ ಹೇಗೋ ತುರುಕಿಕೊಂಡು ಹೊರಟರೆ, ಮನೆಮುಂದಿನ ಬರ್ಚ್ ಮರ ದಾಟುವಷ್ಟರಲ್ಲಿ ಉಸಿರು ಮೇಲೇರಿ ಗಾಜಿನ ಮೇಲೆ ಕೂತು, ಅಲ್ಲೇ ಹೆಪ್ಪುಗಟ್ಟಿ, ಲೋಕವೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತದೆ. ಆಮೇಲೆ ಒಬ್ಬೊಬ್ಬರದು ಒಂದೊಂದು ಉಪಾಯ. ಒಬ್ಬರು ಗಾಜಿಗೆ ಸಾಬೂನು ಸವರುತ್ತಾರೆ. ಇನ್ನೊಬ್ಬರು ಉಸಿರು ಬಿಗಿಹಿಡಿದೇ ಬಂಡಿ ಓಡಿಸುತ್ತಾರೆ. ನನ್ನ ಅಕ್ಕ ಸುನ್ನಾಳ ಗಂಡ ಇಸ್ಸಾತ್ ಭಾವನ ಉಪಾಯ ಎಲ್ಲಕ್ಕಿಂತ ಸುಲಭದ್ದು. ಅವನು ಕನ್ನಡಕ ತೆಗೆದು ಎದೆಯ ಜೇಬಿನಲ್ಲಿಟ್ಟುಕೊಂಡು ಹೊರಟುಬಿಡುತ್ತಿದ್ದ.

ನನ್ನ ಹೆಸರು ರಿಸ್ಟೆನ್. ಭಾವನ ಮರ್ಯಾದೆ ಹೋದದ್ದನ್ನೂ ಅದು ಮರಳಿ ಬಂದದ್ದನ್ನೂ ಹತ್ತಿರದಿಂದ ನೋಡಿದವಳು ನಾನು. ಹೇಳಬೇಡ ಎಂದು ಭಾವ ಗದರಿದ್ದ. ಹೇಳು ಎಂದು ಅಕ್ಕ ಗದರಿದಳು. ನಾನು ಯಾವಾಗಲೂ ಅಕ್ಕನ ಕಡೆ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಭಾವ ಎರಡು ಗಂಟೆ ದೂರದ ಕಣಿವೆಯಿಂದ ಬಂದ. ಹಿಮಬಂಡಿಯ ಹಿಂದಿನ ಜಾರುಗಾಡಿಯಲ್ಲಿ ಮೂರು ಹೆಣ್ಣು ಹಿಮಸಾರಂಗಗಳನ್ನು ಕಾಲು ಕಟ್ಟಿ ಮಲಗಿಸಿದ್ದ. ಅವನ ಮುಖದಲ್ಲಿ ಗೆದ್ದು ಬಂದವನ ಕಳೆಯಿತ್ತು.

“ಸುನ್ನಾ! ಬಾರೇ ಹೊರಗೆ! ನಿನ್ನ ಮೂರು ಸಾರಂಗ ಕಳೆದೇ ಹೋದ್ವು ಅಂತ ಅಳ್ತಿದ್ಯಲ್ಲ, ತಗೋ!”

ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಮೊದಲನೆಯದರ ಎಡಗಿವಿ ಎತ್ತಿದಳು. ನಮ್ಮಲ್ಲಿ ಸಾರಂಗದ ಒಡೆತನ ಬರೆದಿರುವುದು ಕಿವಿಯಲ್ಲಿ. ಮರಿಯಾಗಿದ್ದಾಗ ಚಾಕುವಿನಿಂದ ಕಿವಿಯ ಅಂಚಿಗೆ ಹಾಕಿದ ಕಚ್ಚುಗಳೇ ಅದರ ಯಜಮಾನರ ಸಹಿ. ಓಡುವ ಮಂದೆಯಲ್ಲಿ, ಮೂವತ್ತು ಹೆಜ್ಜೆ ದೂರದಿಂದ ಆ ಸಹಿ ಓದುವವನೇ ಸಾರಂಗ ಕಾಯುವವನು. ಅಕ್ಕ ಎರಡನೆಯದರ ಕಿವಿ ಎತ್ತಿದಳು, ಮೂರನೆಯದರದ್ದೂ ಎತ್ತಿದಳು.

“ಇವು ನನ್ನವಲ್ಲ.”

“ಏನಂದೆ?”

“ತುದೀಲಿ ಕವಲಿದೆ, ಸರಿ. ಅದರ ಕೆಳಗೆ ಎಷ್ಟು ಕಚ್ಚು?”

“ಒಂದು. ಇನ್ನೆಷ್ಟಿರತ್ತೆ?”

“ಜೇಬಿಂದ ಕನ್ನಡಕ ತೆಗೆದು ಮೂಗಿನ ಮೇಲಿಟ್ಕೊಂಡು ಹೇಳು.”

ಭಾವ ಕನ್ನಡಕ ಹಾಕಿಕೊಂಡ, ಬಗ್ಗಿದ. ತುಂಬ ಹೊತ್ತು ಬಗ್ಗಿಯೇ ಇದ್ದ.

“ಎರಡು,” ಎಂದ.

ಎರಡು ಕಚ್ಚು ಎಂದರೆ ಪಕ್ಕದ ಕೂಟದ ಒಬ್ಬ ಅಜ್ಜಿಯ ಗುರುತು. ಕೂಟ ಎಂದರೆ ಒಂದೇ ಮಂದೆಯನ್ನು ಒಟ್ಟಿಗೆ ಕಾಯುವ ಕೆಲವು ಮನೆಗಳು. ನಮ್ಮ ಜನ ಜಗಳವಾಡಿದರೆ ಮರುದಿನ ಒಟ್ಟಿಗೆ ಕೂತು ಕಾಫಿ ಕುಡಿಯುತ್ತಾರೆ. ಆದರೆ ಇನ್ನೊಬ್ಬರ ಕಿವಿಗುರುತಿನ ಸಾರಂಗವನ್ನು ಮನೆಗೆ ತಂದವನ ಹೆಸರನ್ನು ಮೊಮ್ಮಕ್ಕಳ ಕಾಲದವರೆಗೂ ಮರೆಯುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಇಲ್ಲಿ ಹೋದದ್ದು ಒಂದು ಕಚ್ಚಿಗೆ. ಅವತ್ತೇ ಮೂರನ್ನೂ ವಾಪಸು ಕೊಡಲು ಹೊರಟೆವು. ಭಾವನೊಬ್ಬನನ್ನೇ ಕಳಿಸುವ ಧೈರ್ಯ ಅಕ್ಕನಿಗಿರಲಿಲ್ಲವಾದ್ದರಿಂದ ನಾನೂ ಜೊತೆಗೆ ಹೋದೆ.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಪದ್ಧತಿಯಂತೆ ಕಾಫಿಗೆ ಗಿಣ್ಣಿನ ತುಂಡು ಹಾಕಿ ಕೊಟ್ಟು, ಭಾವನನ್ನೇ ನೋಡುತ್ತ ನಕ್ಕಳು.

“ಕದಿಯೋಕೆ ಬಂದಿದ್ರೆ ಒಳ್ಳೇವನ್ನ ಆರಿಸ್ತಿದ್ದೆ ಕಣಪ್ಪ. ನೀನು ಹಿಡಿದಿರೋದು ಮೂರೂ ಹಲ್ಲುದುರಿದ ಮುದುಕಿಯರು. ಅದಕ್ಕೇ ನಂಬ್ತೀನಿ, ನಿಂಗೆ ಕಣ್ಣು ಕಾಣ್ಸಲ್ಲ ಅಂತ.”

ಭಾವ ಕಾಫಿ ಮುಗಿಸಲಿಲ್ಲ.

ಈ ಮಾತು ನಾವು ಮನೆ ಸೇರುವ ಮೊದಲೇ ಊರು ಸೇರಿತ್ತು. ಎರಡು ದಿನ ಬಿಟ್ಟು ಯೋವ್ನಾ ಬಂದ. ಯೋವ್ನಾ ನಮ್ಮ ಐದು ಮನೆಗಳ ಕೂಟದ ಯಜಮಾನ, ಭಾವನಿಗಿಂತ ಎರಡು ವರ್ಷ ದೊಡ್ಡವನು, ಒಳ್ಳೆಯವನು. ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ಕೂತದ್ದು ನೋಡಿದಾಗಲೇ ಕೆಟ್ಟ ಮಾತು ಬರುತ್ತದೆಂದು ಗೊತ್ತಾಯಿತು.

“ಇಸ್ಸಾತ್, ಬೇಜಾರು ಮಾಡ್ಕೋಬೇಡ. ಈ ವರ್ಷ ಮಂದೆ ಮುಂದೆ ನಾನು ಹೋಗ್ತೀನಿ. ನೀನು ಹಿಂದೆ ಬಾ.”

ಹಿಂದೆ ಬರುವುದು ಹೀನ ಕೆಲಸವೇನಲ್ಲ. ನಾನು ಇಪ್ಪತ್ತು ವರ್ಷದಿಂದ ಹಿಂದೆಯೇ ಬರುತ್ತಿದ್ದೇನೆ, ಸಾರಂಗಗಳ ಹಿಂಭಾಗವನ್ನು ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಆದರೆ ಭಾವ ಮೂವತ್ತೊಂದು ವರ್ಷ ಮುಂದೆ ಹೋದವನು. ಏಪ್ರಿಲ್‌ನಲ್ಲಿ ಏಳುನೂರು ಹೆಣ್ಣು ಸಾರಂಗಗಳು ಹೊಟ್ಟೆಯಲ್ಲಿ ಮರಿ ಹೊತ್ತು, ಮಂಜುಗಡ್ಡೆ ಕರಗುವ ಮುಂಚೆ ದೊಡ್ಡ ಸರೋವರ ದಾಟಿ, ಮರಿ ಹಾಕುವ ನೆಲ ಸೇರಬೇಕು. ಮುಂದಿನವನು ತನ್ನ ಬಂಡಿಗೆ ಒಂದು ಸಾಧು ಸಾರಂಗವನ್ನು ಹಗ್ಗದಿಂದ ಕಟ್ಟಿಕೊಂಡು ನಿಧಾನವಾಗಿ ನಡೆಸುತ್ತಾನೆ. ಆ ಒಂದರ ಹಿಂದೆ ಉಳಿದವೆಲ್ಲ ಬರುತ್ತವೆ. ಅವನು ಸರಿಯಾದ ಕಡೆ ಹೋದರೆ ಏಳುನೂರೂ ಬದುಕುತ್ತವೆ, ತಪ್ಪಿದರೆ ಏಳುನೂರೂ ತಪ್ಪುತ್ತವೆ. ಭಾವನ ಬದುಕೆಲ್ಲ ಆ ಒಂದು ಹಗ್ಗದಲ್ಲಿತ್ತು.

ಭಾವ “ಆಗಲಿ” ಎಂದ. ಆಮೇಲೆ ಹೊರಗೆ ಹೋಗಿ ಸೌದೆ ಒಡೆಯತೊಡಗಿದ. ಎರಡು ದಿನದಲ್ಲಿ ಮುಂದಿನ ಚಳಿಗಾಲಕ್ಕಾಗುವಷ್ಟು ಸೌದೆ ಒಟ್ಟಿದ. ಮಾತು ಮಾತ್ರ ಒಂದೂ ಆಡಲಿಲ್ಲ.

ಮೂರನೇ ದಿನ ಅಕ್ಕನ ರಕ್ತದೊತ್ತಡ ನೋಡಲು ನರ್ಸ್ ಗಾದ್ಜಾ ಬಂದಳು. ಅವಳ ಕೆಲಸವೇ ಹಿಮಬಂಡಿಯಲ್ಲಿ ಮನೆಮನೆಗೆ ಹೋಗುವುದು. ಅವತ್ತು ಹೊರಗೆ ಸೊನ್ನೆಯಿಂದ ಕೆಳಗೆ ಇಪ್ಪತ್ತಾರು ಡಿಗ್ರಿ. ಅವಳು ಬಂಡಿ ನಿಲ್ಲಿಸಿ, ಹೆಲ್ಮೆಟ್ಟಿನ ಗದ್ದದ ಭಾಗವನ್ನು ಮೇಲಕ್ಕೆ ಎತ್ತಿದಳು. ಒಳಗೆ ಅವಳ ಮುಖ, ಮುಖದ ಮೇಲೆ ದಪ್ಪ ಕನ್ನಡಕ. ಕನ್ನಡಕದ ಮೇಲೆ ಒಂದು ಹನಿ ಮಂಜೂ ಇರಲಿಲ್ಲ.

ಕೊಡಲಿ ಎತ್ತಿದ್ದ ಭಾವ ಹಾಗೇ ನಿಂತ.

“ಏನು, ನರ್ಸಮ್ಮ ಉಸಿರಾಡೋದನ್ನೇ ಬಿಟ್ಟಿದ್ದಾಳಾ?” ಎಂದ. ಮೂರು ದಿನದಲ್ಲಿ ಅವನಾಡಿದ ಮೊದಲ ಮಾತು ಅದು.

“ಬಿಟ್ಟಿದ್ರೆ ನಿನ್ನ ಹೆಂಡ್ತಿ ರಕ್ತದೊತ್ತಡ ನೋಡೋಕೆ ಯಾರು ಬರ್ತಿದ್ರು? ನಿಂದೇನು, ಕನ್ನಡಕ ಎಲ್ಲಿ?”

“ಜೇಬಲ್ಲಿ.”

“ಜೇಬಿಗೆ ದೃಷ್ಟಿ ಕಡಿಮೆ ಆಗಿದ್ಯಾ?”

ಅಕ್ಕ ಬಾಗಿಲಲ್ಲಿ ನಿಂತು ನಕ್ಕುಬಿಟ್ಟಳು. ಆಮೇಲೆ ಒಳಗೆ ಕರೆದು, ರೊಟ್ಟಿ ಮುರಿದಿಟ್ಟು, ನಡೆದದ್ದೆಲ್ಲ ಹೇಳಿದಳು. ಗಾದ್ಜಾ ನಗಲಿಲ್ಲ. ಮಂದೆಯ ಮುಂದಿನ ಜಾಗ ಹೋಯಿತು ಎಂದಾಗ ಅವಳ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

“ಭಾವ, ನಿನ್ನ ಹೆಲ್ಮೆಟ್ ತಗೊಂಡ್ ಬಾ. ನೋಡೋಣ,” ಎಂದಳು. ಅವಳೂ ಅವನನ್ನು ಭಾವ ಎಂದೇ ಕರೆಯುವುದು, ನನ್ನಿಂದಾಗಿ.

“ಹೆಲ್ಮೆಟ್ ಎಲ್ಲ ಯಾಕೆ? ನಮ್ಮಪ್ಪ ತೊಗಲು ಟೋಪೀಲೇ ಜೀವನ ಕಳೆದ.”

“ನಿಮ್ಮಪ್ಪ ಹೋಗ್ತಿದ್ದದ್ದು ಮರದ ಜಾರುಹಲಗೆ ಮೇಲೆ. ಬಿದ್ರೆ ಹಿಮ ಕೊಡವಿ ಎದ್ದೇಳ್ತಿದ್ದ. ನೀನು ಗಂಟೆಗೆ ಎಂಬತ್ತು ಕಿಲೋಮೀಟರಲ್ಲಿ ಬಂಡೆಗೆ ಹೊಡೆದ್ರೆ ಕೊಡವೋಕೆ ಏನು ಉಳಿಯತ್ತೆ?”

ಭಾವ ಗೊಣಗುತ್ತ ಹೆಲ್ಮೆಟ್ ತಂದು ಹಾಕಿಕೊಂಡ. ಗಾದ್ಜಾ ಅದರ ಎರಡೂ ಬದಿ ಹಿಡಿದು ಮೆಲ್ಲಗೆ ತಿರುಗಿಸಿದಳು. ಹೆಲ್ಮೆಟ್ ತಿರುಗಿತು, ತಲೆ ನಿಂತಲ್ಲೇ ಇತ್ತು. ಭಾವನ ಒಂದು ಕಿವಿ ಮುಂದಿನ ಕಿಂಡಿಯಲ್ಲಿ ಕಾಣಿಸಿತು.

“ಇದು ಯಾರ ತಲೆಗೆ ತಗೊಂಡಿದ್ದು?”

“ನನ್ನದಕ್ಕೇ. ಕನ್ನಡಕಕ್ಕೆ ಜಾಗ ಇರಲಿ ಅಂತ ಒಂದಳತೆ ದೊಡ್ಡದು ತಗೊಂಡೆ,” ಎಂದ ಭಾವ, ಜಾಣತನ ತೋರಿಸಿದವನ ಹಾಗೆ.

“ಅಯ್ಯೋ ದೇವರೇ. ಎಲ್ಲರೂ ಮಾಡೋ ತಪ್ಪೇ ಇದು. ಸಡಿಲ ಹೆಲ್ಮೆಟ್ ಬಿದ್ದಾಗ ತಲೆ ಕಾಯಲ್ಲ, ತಲೆಗಿಂತ ಮೊದಲು ತಾನೇ ಹಾರಿ ಹೋಗತ್ತೆ. ದೊಡ್ಡದಾಗಬೇಕಿರೋದು ಹೆಲ್ಮೆಟ್ ಅಲ್ಲ, ಮುಂದಿನ ಕಿಂಡಿ. ನೋಡು ಇಲ್ಲಿ.”

ಅವಳು ತನ್ನದನ್ನು ಮಡಿಲಲ್ಲಿಟ್ಟುಕೊಂಡು ತೋರಿಸಿದಳು. ಒಳಗಿನ ಮೆತ್ತೆಯಲ್ಲಿ ಕಣ್ಣಿನ ಎರಡೂ ಪಕ್ಕ ಬೆರಳಿನಗಲದ ತೋಡು ಇತ್ತು, ಕನ್ನಡಕದ ಕಡ್ಡಿ ಜಾರಿ ಹೋಗಲು. ಮೂಗಿನ ಮೇಲೆ ಕೂರುವ ಮೆತ್ತನೆಯ ಪಟ್ಟಿ ಇತ್ತು. ಮುಂದಿನ ಗಾಜು ಎರಡು ಪದರದ್ದು, ಅದರೊಳಗೆ ಕೂದಲೆಳೆಯಂಥ ತಂತಿ. ಆ ತಂತಿಯ ತುದಿಯನ್ನು ಬಂಡಿಯ ಬ್ಯಾಟರಿಗೆ ಸಿಕ್ಕಿಸಬಹುದು.

“ನೀನು ಬಿಟ್ಟ ಉಸಿರು ಬಿಸಿ, ಕನ್ನಡಕ ತಣ್ಣಗೆ. ಬಿಸಿ ಉಸಿರು ತಣ್ಣನೆ ಗಾಜು ಮುಟ್ಟಿದ್ರೆ ಮಂಜಾಗದೆ ಇನ್ನೇನಾಗತ್ತೆ? ಈ ಪಟ್ಟಿ ಉಸಿರನ್ನ ಕೆಳಕ್ಕೆ ತಳ್ಳತ್ತೆ. ಈ ತಂತಿ ಗಾಜನ್ನ ಬೆಚ್ಚಗಿಡತ್ತೆ. ಮೊದಲು ಹೆಲ್ಮೆಟ್ ಹಾಕ್ಕೋ, ಗದ್ದದ ಭಾಗ ಎತ್ತು, ಆಮೇಲೆ ಕನ್ನಡಕವನ್ನ ಮುಂದಿಂದ ಜಾರಿಸು. ಗದ್ದ ಇಳಿಸಿ ಕ್ಲಿಕ್ ಅಂತ ಕೂರಿಸಿದ ಮೇಲೇನೇ ಬಂಡಿ ಚಾಲೂ ಮಾಡು.”

“ವೈರು ಕಟ್ಕೊಂಡು ಕೂರೋದಾ? ನಾನೇನು ರೇಡಿಯೋನಾ? ಇಳಿಯೋವಾಗ ಮರೆತ್ರೆ ಕತ್ತು ಮುರಿಯತ್ತೆ.”

“ಎಳೆದ್ರೆ ತಾನೇ ಕಳಚತ್ತೆ. ಎಳೆದು ನೋಡು.”

ಭಾವ ಎಳೆದ. ಕಳಚಿತು. ಅವನು ಇನ್ನೊಂದು ತಪ್ಪು ಹುಡುಕತೊಡಗಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು.

“ಇಂಥವೆಲ್ಲ ವಯಸ್ಸಾದವರಿಗೆ,” ಎಂದ.

ಅಕ್ಕ ಪಾತ್ರೆ ಕೆಳಗಿಟ್ಟಳು. “ಅರವತ್ತೊಂದು ವರ್ಷದ ಮಗೂನೇ, ಕೇಳು. ಕನ್ನಡಕ ಜೇಬಲ್ಲಿಟ್ಕೊಂಡು ಹಿಂದೆ ಹೋಗ್ತೀಯೋ, ಮೂಗಿನ ಮೇಲಿಟ್ಕೊಂಡು ಮುಂದೆ ಹೋಗ್ತೀಯೋ? ಅಷ್ಟೇ ಹೇಳು.”

ಭಾವ ಮುಖ ತಿರುಗಿಸಿ ಗಾದ್ಜಾಳ ಹೆಲ್ಮೆಟ್ಟನ್ನು ಮತ್ತೆ ಕೈಗೆತ್ತಿಕೊಂಡ. ಅವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ನೋಡದವಳ ಹಾಗೆ ಒಲೆಗೆ ಸೌದೆ ಹಾಕಿದೆ, ಸೌದೆಗೇನೂ ಬರ ಇರಲಿಲ್ಲ.

ಮರುದಿನ ನಾಲ್ವರೂ ಕೌಟೊಕೇನೊ ಪೇಟೆಗೆ ಹೋದೆವು. ಅಂಗಡಿಯವನು ಭಾವನನ್ನು ನೋಡಿದ್ದೇ, ಕೆಂಪು ಬೆಂಕಿಯ ಚಿತ್ರ ಬರೆದ ಹೆಲ್ಮೆಟ್ ತಂದ. “ಇದು ಈ ವರ್ಷ ಎಲ್ಲರೂ ಒಯ್ತಿರೋದು.” ಭಾವನಿಗೂ ಅದರ ಮೇಲೆ ಕಣ್ಣು ಬಿತ್ತು. ಗಾದ್ಜಾ ಅಂಗಡಿಯವನ ಕೈಯಿಂದ ಅಳತೆಪಟ್ಟಿ ಇಸಿದುಕೊಂಡು ಭಾವನ ಹುಬ್ಬಿನ ಮೇಲಿಂದ ತಲೆಯ ಸುತ್ತ ಹಿಡಿದಳು.

“ಐವತ್ತೆಂಟು. ಅರವತ್ತೊಂದು ನಿನ್ನ ವಯಸ್ಸು, ತಲೆಯ ಅಳತೆಯಲ್ಲ. ಐವತ್ತೆಂಟರದ್ದು ಕೊಡಿ. ಮತ್ತೆ ಭಾವ, ಕನ್ನಡಕ ತೆಗೀಬೇಡ. ಎಲ್ಲರೂ ಅಂಗಡೀಲಿ ಕನ್ನಡಕ ತೆಗೆದೇ ಹಾಕಿ ನೋಡ್ತಾರೆ, ಮನೇಲಿ ಕನ್ನಡಕ ಹಾಕಿ ಅಳ್ತಾರೆ.”

ಬೆಂಕಿಯ ಹೆಲ್ಮೆಟ್ಟಿನಲ್ಲಿ ಕನ್ನಡಕದ ಕಡ್ಡಿ ಕೆನ್ನೆಗೆ ಒತ್ತಿ, ಗಾಜು ಹುಬ್ಬಿಗೆ ಏರಿತು. ಎರಡನೆಯದು ಚೆನ್ನಾಗಿ ಕೂತಿತು. ಭಾವ “ಸಾಕು, ಇದೇ ಆಗ್ಲಿ” ಎಂದ. ಗಾದ್ಜಾ ಬಿಡಲಿಲ್ಲ.

“ಇಪ್ಪತ್ತು ನಿಮಿಷ ಹಾಕ್ಕೊಂಡೇ ಇರು. ಅಂಗಡೀಲೇ ಓಡಾಡು.”

ಭಾವ ತಲೆಗೆ ಹೆಲ್ಮೆಟ್ ಏರಿಸಿಕೊಂಡೇ ಮೀನುಬಲೆ, ಮೇಣದ ಬತ್ತಿ, ಹಿಟ್ಟಿನ ಚೀಲಗಳ ನಡುವೆ ಅಡ್ಡಾಡಿದ. ಊರಿನ ಅರ್ಧ ಜನ ಆ ಇಪ್ಪತ್ತು ನಿಮಿಷದಲ್ಲೇ ಉಪ್ಪು ಕೊಳ್ಳಲು ಬಂದರು. ಹನ್ನೆರಡನೇ ನಿಮಿಷಕ್ಕೆ ಅವನು ಕಣತಲೆ ಹಿಡಿದುಕೊಂಡ. ಕಿವಿಯ ಮೇಲೆ ಕನ್ನಡಕದ ಕಡ್ಡಿ ಮೊಳೆಯ ಹಾಗೆ ಚುಚ್ಚುತ್ತಿತ್ತು.

“ನೋಡ್ದಾ? ಇಲ್ಲಿ ಹನ್ನೆರಡು ನಿಮಿಷಕ್ಕೆ ಇಷ್ಟು. ದಾರೀಲಿ ಎಂಟು ಗಂಟೆ ಹೊತ್ತಿದ್ರೆ ಕಿತ್ತು ಬಿಸಾಕ್ತಿದ್ದೆ.”

ಮೂರನೆಯದು ಗಾದ್ಜಾಳದ್ದರ ಹಾಗೇ ಗದ್ದ ಎತ್ತುವಂಥದ್ದು, ಕಡ್ಡಿಗೆ ತೋಡು ಇರುವಂಥದ್ದು, ಒಳಗೆ ಸುರಕ್ಷೆಯ ಪರೀಕ್ಷೆ ಪಾಸಾದ ಮುದ್ರೆಯೂ ಇತ್ತು. ಗಾದ್ಜಾ ಹಿಡಿದು ತಿರುಗಿಸಿದರೆ ಭಾವನ ಕೆನ್ನೆಯ ಚರ್ಮವೂ ಜೊತೆಗೆ ತಿರುಗಿತು. ಇಪ್ಪತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ತಲೆ ನೋಯಲಿಲ್ಲ. ಹೊರಗೆ ಕರೆದೊಯ್ದು ಚಳಿಯಲ್ಲಿ ನಿಲ್ಲಿಸಿ ಜೋರಾಗಿ ಉಸಿರಾಡಿಸಿದೆವು. ರಸ್ತೆಯಾಚೆಯ ಇಗರ್ಜಿಯ ಬಾಗಿಲಿನ ಮೇಲಿನ ಅಕ್ಷರಗಳನ್ನು ಭಾವ ಗಟ್ಟಿಯಾಗಿ ಓದಿದ, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ.

“ಬಣ್ಣ ಮಾತ್ರ ಬೂದಿ,” ಎಂದ ಬೇಸರದಿಂದ.

“ನೀನು ಒಳಗಿರ್ತೀಯ. ಬಣ್ಣ ನೋಡೋದು ನಾವು,” ಎಂದೆ ನಾನು.

ಹಾಗೆಯೇ ಕನ್ನಡಕದ ಅಂಗಡಿಗೂ ಹೋದೆವು. ಕಿವಿಯ ಹಿಂದೆ ಕೊಕ್ಕೆಯಂತೆ ಬಾಗಿದ ದಪ್ಪ ಕಡ್ಡಿ ಬಿಟ್ಟು, ತೆಳ್ಳಗೆ ನೆಟ್ಟಗಿರುವ ಕಡ್ಡಿ ಹಾಕಿಸಿದೆವು. ಬಿದ್ದರೆ ಚೂರಾಗದಂಥ ಪ್ಲಾಸ್ಟಿಕ್ ಗಾಜು ಹಾಕಿಸಿದೆವು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮರುದಿನ ಬೆಳಗ್ಗೆ ಭಾವ ಹೊಸ ಹೆಲ್ಮೆಟ್ ಹಾಕಿಕೊಂಡು ಹೊರಟ, ಅರ್ಧ ಗಂಟೆಯಲ್ಲಿ ವಾಪಸು ಬಂದು ಅದನ್ನು ಮೇಜಿನ ಮೇಲೆ ಕುಕ್ಕಿದ.

“ಅಳಿಯ ಅಲ್ಲ, ಮಗಳ ಗಂಡ! ಹಳೇದೂ ಮಂಜು, ಇದೂ ಮಂಜು! ನಾನು ಹೇಳ್ದೆ. ಹೇಳ್ದೆನೋ ಇಲ್ವೋ?”

ಗಾದ್ಜಾಗೆ ಫೋನ್ ಮಾಡಿದೆವು. “ಅವನು ಏನೇನು ಹಾಕ್ಕೊಂಡಿದ್ದ, ಒಂದೊಂದೇ ಹೇಳಿ,” ಎಂದಳು. ಕೋಟು, ಕೈಗವಸು, ಹೆಲ್ಮೆಟ್ಟು, ಕನ್ನಡಕ, ಮಫ್ಲರು.

“ಮಫ್ಲರ್ ಎಲ್ಲಿವರೆಗೂ ಸುತ್ಕೊಂಡಿದ್ದ?”

“ಮೂಗಿನ ಮೇಲಿನವರೆಗೂ,” ಎಂದೆ.

“ಸಿಕ್ಕಿತು ಕಳ್ಳ. ಮಫ್ಲರ್ ಮೂಗು ಮುಚ್ಚಿದ್ರೆ ಉಸಿರು ಕೆಳಗೆ ಹೇಗೆ ಹೋಗತ್ತೆ? ದಾರಿ ಇಲ್ದೆ ಮೇಲಕ್ಕೇ ನುಗ್ಗತ್ತೆ, ನೇರ ಕನ್ನಡಕಕ್ಕೆ. ತೆಗೀಬೇಕು ಅದನ್ನ. ತೆಳು ಮುಸುಕು ಸಾಕು, ಅದೂ ಗದ್ದದ ಕೆಳಗಿರಲಿ.”

ಆ ಮಫ್ಲರು ಅಕ್ಕ ಮದುವೆಯಾದ ವರ್ಷ ನೀಲಿ, ಕೆಂಪು ಉಣ್ಣೆಯಲ್ಲಿ ಹೆಣೆದು ಕೊಟ್ಟದ್ದು. ಮೂವತ್ತೊಂದು ವಲಸೆಯಲ್ಲಿ ಒಂದು ದಿನವೂ ಭಾವ ಅದನ್ನು ಬಿಟ್ಟು ಹೋದವನಲ್ಲ. ಅದಿಲ್ಲದೆ ಹೋದರೆ ದಾರಿ ತಪ್ಪುತ್ತದೆ ಎಂದೇ ಅವನ ನಂಬಿಕೆ.

“ಇದನ್ನ ಬಿಡಲ್ಲ,” ಎಂದ ಭಾವ.

ಅಕ್ಕ ಎದ್ದು ಬಂದು, ಅವನ ಕೊರಳಿಂದ ತಾನೇ ಅದನ್ನು ಬಿಚ್ಚಿದಳು. “ನಾನು ಹೆಣೆದದ್ದು ನಿನ್ನ ಕತ್ತಿಗೆ ಕಣೋ, ಕಣ್ಣಿಗಲ್ಲ. ಕಣ್ಣಿದ್ರೆ ನೀನು ವಾಪಸ್ ಬರ್ತೀಯ. ವಾಪಸ್ ಬಂದ ಮೇಲೆ ಎಷ್ಟು ಸುತ್ತು ಬೇಕಾದ್ರೂ ಸುತ್ಕೋ.”

ಭಾವ ಮಫ್ಲರಿಲ್ಲದೆ ಹೋದ. ಮಧ್ಯಾಹ್ನದವರೆಗೆ ಬರಲೇ ಇಲ್ಲ. ಬಂದವನು ಗದ್ದ ಎತ್ತಿ, ಅಂಗಳದಿಂದಲೇ ಕೂಗಿದ: “ಗುಡ್ಡದ ಮೇಲೆ ನಿನ್ನ ಮೂರು ಸಾರಂಗ ಮೇಯ್ತಾ ಇದಾವೆ ಕಣೇ! ಒಂದೇ ಕಚ್ಚು! ಬಂಡಿ ಮೇಲಿಂದಲೇ ಓದ್ದೆ!”

ಅವತ್ತೇ ಅವನು ಯೋವ್ನಾನ ಮನೆಗೆ ಹೋಗಿ ತನ್ನ ಜಾಗ ಕೇಳಿದ. ಯೋವ್ನಾ ಹೆಲ್ಮೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ.

“ವೇಗವಾಗಿ ಹೋಗೋವಾಗ ಗಾಳಿ ಹೊಡೆದು ಮಂಜು ಹೋಗತ್ತೆ. ಮಂದೆ ಮುಂದೆ ನಡಿಗೆ ವೇಗ. ಗಾಳಿ ಇರಲ್ಲ. ಆಗೇನ್ಮಾಡ್ತೀಯ?”

“ಅದಕ್ಕೇ ತಂತಿ ಇರೋದು.”

“ಸರಿ. ಮುಂದೆ ಹೋಗು. ನಾನು ಪಕ್ಕದಲ್ಲೇ ಇರ್ತೀನಿ. ದಾರೀಲಿ ಒಂದೇ ಒಂದು ಸಲ ಕನ್ನಡಕ ಒರೆಸೋಕೆ ನಿಂತೆ ಅಂದ್ರೆ, ಹಗ್ಗ ನನ್ನ ಕೈಗೆ. ಒಪ್ಪಿಗೆನಾ?”

“ಒಪ್ಪಿಗೆ.”

ಏಪ್ರಿಲ್ ಎರಡನೇ ವಾರ ಅಕ್ಕನೂ ಸೇರಿ ಐದು ಮನೆಯವರೂ ಹೊರಟೆವು. ಮೊದಲ ದಿನ ಭಾವ ನಿಲ್ಲಲಿಲ್ಲ. ಎರಡನೇ ದಿನ ಹಿಮ ಬಿತ್ತು, ಆಗಲೂ ನಿಲ್ಲಲಿಲ್ಲ. ಸಂಜೆ ಗುಡಾರದಲ್ಲಿ ಹೆಲ್ಮೆಟ್ಟಿನ ಒಳಮೆತ್ತೆಯನ್ನು ಬಿಚ್ಚಿ ಒಲೆಯ ಹತ್ತಿರ, ತೀರ ಹತ್ತಿರವಲ್ಲ, ಒಣಗಿಸುತ್ತಿದ್ದ. ಒಳಗೆ ಪಸೆಯಿದ್ದರೆ ಬೆಳಗ್ಗೆ ಅದೇ ಮಂಜಾಗುತ್ತದೆ ಎಂದು ಗಾದ್ಜಾ ಹೇಳಿದ್ದನ್ನು ಈಗ ತಾನೇ ಕಂಡುಹಿಡಿದವನ ಹಾಗೆ ನನಗೆ ಹೇಳಿಕೊಟ್ಟ.

ಮೂರನೇ ದಿನ ದೊಡ್ಡ ಸರೋವರ. ಆಕಾಶ ಬಿಳಿ, ಮಂಜುಗಡ್ಡೆ ಬಿಳಿ, ನಡುವೆ ಗೆರೆಯೇ ಇಲ್ಲ. ಸರೋವರದ ನಟ್ಟನಡುವೆ ಮಂದೆ ತಟ್ಟನೆ ನಿಂತಿತು. ಹಿಂದೆ ಇದ್ದ ನಾನು ಮಂದೆಯ ಪಕ್ಕದಿಂದ ಬಂಡಿ ಓಡಿಸಿಕೊಂಡು ಮುಂದೆ ಹೋದರೆ, ಭಾವನ ಬಂಡಿ ನಿಂತಿತ್ತು. ಯೋವ್ನಾ ಆಗಲೇ ಇಳಿದು ಬಂದು ಹಗ್ಗಕ್ಕೆ ಕೈ ಚಾಚಿದ್ದ.

“ನಿಂತೆಯಲ್ಲ, ಇಸ್ಸಾತ್. ಮಾತು ಅಂದ್ರೆ ಮಾತು. ಕೊಡು ಇಲ್ಲಿ.”

ಭಾವ ಗದ್ದದ ಭಾಗ ಮೇಲೆತ್ತಿದ. ಕನ್ನಡಕ ತೊಳೆದಿಟ್ಟ ಹಾಗಿತ್ತು.

“ಒರೆಸೋಕೆ ನಿಂತಿಲ್ಲ. ಅಲ್ಲಿ ನೋಡು.”

“ಎಲ್ಲಿ?”

“ಮುಂದೆ. ಮುನ್ನೂರು ಹೆಜ್ಜೆ. ಬೂದು ಗೆರೆ.”

ಯೋವ್ನಾ ಕಣ್ಣು ಕಿರಿದು ಮಾಡಿದ, ಕೈ ಅಡ್ಡ ಹಿಡಿದ. “ಏನೂ ಇಲ್ಲ. ಬರೀ ಬಿಳಿ. ಸುಮ್ನೆ ನೆಪ ಹೇಳ್ಬೇಡ, ಹಗ್ಗ ಕೊಡು. ನೆಟ್ಟಗೆ ಹೋಗೋಣ.”

ನಾನೂ ನೋಡಿದೆ. ಮೊದಲು ಕಾಣಲಿಲ್ಲ. ಆಮೇಲೆ ಕಂಡಿತು, ಎಡದಿಂದ ಬಲಕ್ಕೆ ಎಳೆದ ಒಂದು ಮಂಕು ಗೆರೆ. ಭಾವ ಹಗ್ಗ ಯೋವ್ನಾನಿಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟ. ಉದ್ದನೆಯ ಕೋಲು ತೆಗೆದುಕೊಂಡು ಒಂದೊಂದೇ ಹೆಜ್ಜೆ ಕುಟ್ಟಿ ನೋಡುತ್ತ ನಡೆದ. ಇನ್ನೂರು ಹೆಜ್ಜೆಯವರೆಗೆ ಕೋಲು ಟಕ್ ಟಕ್ ಎನ್ನುತ್ತಿತ್ತು. ಆಮೇಲೆ ಶಬ್ದ ಬದಲಾಯಿತು. ಇನ್ನೊಂದು ಸಲ ಕುಟ್ಟಿದಾಗ ಕೋಲು ಅರ್ಧಕ್ಕಿಂತ ಹೆಚ್ಚು ಒಳಗೆ ಹೋಯಿತು, ಕಪ್ಪು ನೀರು ಬುಗ್ಗೆಯಂತೆ ಮೇಲೆ ಬಂದು ಹಿಮವನ್ನು ನೆನೆಸಿತು. ಭಾವ ಹಿಂದಕ್ಕೆ ಸರಿದು, ಎರಡೂ ಕೈ ಮೇಲೆತ್ತಿ, ದಕ್ಷಿಣದ ದಂಡೆಯತ್ತ ಬೀಸಿದ.

ನಾನು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ. ಹಿಂದೆ ಏಳುನೂರು ಸಾರಂಗಗಳು ಬಿಸಿಯುಸಿರು ಬಿಡುತ್ತ ಕಾದು ನಿಂತಿದ್ದವು. ನಾವು ನೆಟ್ಟಗೆ ಹೋಗಿದ್ದರೆ ಮೊದಲು ಬಂಡಿ, ಆಮೇಲೆ ಮುಂದಿನ ಸಾರಂಗ, ಅದರ ಹಿಂದೆ ಎಲ್ಲವೂ ಹೋಗುತ್ತಿದ್ದವು. ಒಂದರ ಹಿಂದೆ ಒಂದು ಹೋಗುವುದು ಬಿಟ್ಟರೆ ಅವಕ್ಕೆ ಬೇರೇನೂ ಗೊತ್ತಿಲ್ಲ.

ಭಾವ ವಾಪಸು ಬಂದು, ನನ್ನಿಂದ ಹಗ್ಗ ತೆಗೆದುಕೊಂಡು ಬಂಡಿ ತಿರುಗಿಸಿದ. ಸಾಧು ಸಾರಂಗ ತಿರುಗಿತು. ಅದರ ಹಿಂದೆ ಆ ಇಡೀ ಮಂದೆ, ಬಿಳಿ ಸರೋವರದ ಮೇಲೆ ದೊಡ್ಡ ಅರ್ಧಚಂದ್ರವಾಗಿ ಬಾಗಿ, ಬುಡುಬುಡು ಗೊರಸಿನ ಸದ್ದು ಮಾಡುತ್ತ ದಕ್ಷಿಣಕ್ಕೆ ಹೊರಳಿತು. ಹಿಂದಿನಿಂದ ಬಂದ ಅಕ್ಕ ನನ್ನ ಪಕ್ಕದಲ್ಲಿ ಬಂಡಿ ನಿಲ್ಲಿಸಿ ಭಾವನನ್ನೇ ನೋಡಿದಳು. ಅವಳ ಮುಖ ನೋಡಿದರೆ ಸಾಕಿತ್ತು. ನಾನಂತೂ ಬಾಯ್ಬಿಟ್ಟು ಅತ್ತೆ, ಅದನ್ನು ಬಚ್ಚಿಡುವುದೇಕೆ?

ದಂಡೆ ಸೇರಿ, ಬೆಂಕಿ ಹಚ್ಚಿ, ಕೆಟಲಿನಲ್ಲಿ ಕಾಫಿ ಉಕ್ಕುವಾಗ ಯೋವ್ನಾ ಭಾವನೆದುರು ಬಂದು ಕೂತ. ಐದು ಮನೆಯವರೂ ಇದ್ದರು.

“ಇಸ್ಸಾತ್, ಎಲ್ಲರ ಮುಂದೆ ಹೇಳ್ತೀನಿ. ನನಗೆ ಆ ಗೆರೆ ಕಾಣಲಿಲ್ಲ. ನೀನು ಬೆರಳು ಮಾಡಿ ತೋರಿಸಿದಾಗಲೂ ಕಾಣಲಿಲ್ಲ. ಎರಡು ವರ್ಷದಿಂದ ದೂರದ್ದು ನನಗೆ ಮಸುಕು. ಯಜಮಾನ ಕನ್ನಡಕ ಹಾಕ್ಕೊಂಡ್ರೆ ಜನ ಏನಂತಾರೋ ಅಂತ ಬಾಯಿ ಮುಚ್ಕೊಂಡಿದ್ದೆ. ನಿನ್ನ ಕಣ್ಣು ಸರಿಯಿಲ್ಲ ಅಂತ ನಿನ್ನ ಜಾಗ ಕಿತ್ಕೊಂಡವನು ನಾನು. ಇವತ್ತು ನಾನು ಮುಂದಿದ್ದಿದ್ರೆ ಎಲ್ಲಾ ಮುಗೀತಿತ್ತು.”

ಭಾವ ತನ್ನ ಲೋಟ ತುಂಬಿ ಯೋವ್ನಾನ ಕೈಗಿಟ್ಟ.

“ಕಾಫಿ ಕುಡಿ. ಗಾದ್ಜಾ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಬೆಂಕಿ ಚಿತ್ರದ ಹೆಲ್ಮೆಟ್ ಇನ್ನೂ ಅಂಗಡೀಲೇ ಇದೆ, ಅದರ ಮೇಲೆ ಕಣ್ಣು ಹಾಕ್ಬೇಡ, ಅಷ್ಟೇ.”

ಆಗ ನಗು ಹೇಗೆ ಒಡೆಯಿತೆಂದರೆ, ಮಲಗಿದ್ದ ನಾಯಿಗಳೆಲ್ಲ ಎದ್ದು ಬೊಗಳತೊಡಗಿದವು. ಎರಡು ದಿನದ ಮೇಲೆ ಮರಿ ಹಾಕುವ ನೆಲ ಸೇರಿದೆವು. ಒಂದೂ ಸಾರಂಗ ಕಡಿಮೆಯಾಗಿರಲಿಲ್ಲ. ಮೇ ತಿಂಗಳಲ್ಲಿ ಯೋವ್ನಾ ಮೂಗಿನ ಮೇಲೆ ಹೊಸ ಕನ್ನಡಕವಿಟ್ಟುಕೊಂಡು ಹೆಲ್ಮೆಟ್ ಅಂಗಡಿಗೆ ಹೋಗಿ, ಇಪ್ಪತ್ತಲ್ಲ, ನಲವತ್ತು ನಿಮಿಷ ಅಡ್ಡಾಡಿದ.

ಈಗ ನಿಮ್ಮ ಮಾತಿಗೆ ಬರುತ್ತೇನೆ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ. ನಿಮ್ಮ ಮನೆಯಲ್ಲೂ ಕನ್ನಡಕವನ್ನು ಜೇಬಿನಲ್ಲಿಟ್ಟು ಬಂಡಿ ಹತ್ತುವವರು ಇದ್ದಾರೆ. ಬಹುಶಃ ಅದು ನೀವೇ. ಇನ್ನು ಆ ಆಟ ಸಾಕು. ಹೆಲ್ಮೆಟ್ ಕೊಳ್ಳಲು ಹೋಗುವಾಗ ಕನ್ನಡಕ ಹಾಕಿಕೊಂಡೇ ಹೋಗಿ, ಹಾಕಿಕೊಂಡೇ ನೋಡಿ. ತಲೆಯ ಅಳತೆಯದ್ದನ್ನೇ ಕೊಳ್ಳಿ, ಕನ್ನಡಕಕ್ಕಾಗಿ ದೊಡ್ಡದನ್ನು ಕೊಳ್ಳಬೇಡಿ. ಗದ್ದ ಎತ್ತುವಂಥದ್ದು, ಕಡ್ಡಿಗೆ ಜಾಗವಿರುವಂಥದ್ದು, ಉಸಿರನ್ನು ಕೆಳಗೆ ಕಳಿಸುವಂಥದ್ದು ಕೇಳಿ. ತೆರೆದ ಮುಖದ ಹೆಲ್ಮೆಟ್ಟೇ ನಿಮಗೆ ಇಷ್ಟವಾದರೆ, ಕನ್ನಡಕದ ಮೇಲೆ ಹಾಕುವ ಅಗಲದ ಗಾಳಿಗನ್ನಡಕ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ. ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ಟನ್ನು ಮತ್ತೆ ತಲೆಗೇರಿಸಬೇಡಿ. ಅಂಗಡಿಯವನು ಅವಸರ ಮಾಡಿದರೆ ಮಾಡಲಿ, ನೀವು ಅರ್ಧ ಗಂಟೆ ನಿಂತೇ ನಿಲ್ಲಿ. ಜನ ನಕ್ಕರೆ ನಗಲಿ.

ನಿಮ್ಮ ಹಿಂದೆ ಬರುವವರು ನಿಮ್ಮ ಕಣ್ಣನ್ನು ನಂಬಿ ಬರುತ್ತಾರೆ. ಆ ಕಣ್ಣನ್ನು ಜೇಬಿನಲ್ಲಿಡಬೇಡಿ. ಇವತ್ತೇ ಹೋಗಿ ಬನ್ನಿ.